ಕರೆಂಟು ಹೋದ ಎರಡು ತಾಸು

ಹನ್ನೊಂದಕ್ಕ ಕರೆಂಟು ಹೋಗತೈತಿ, ಒಂದಕ್ಕ ಬರತೈತಿ.
ಬನಹಟ್ಟಿಯ ಓಣಿ ಓಣಿಯೊಳಗ
ಮಗ್ಗದ ಖಟಖಟ ನಿಂತು ಗುಬ್ಬಿ ದನಿ ಕೇಳುವ
ಅವೆರಡೇ ತಾಸು ನನ್ನ ಹೊಲ.

ಹೊಲ ಅಂದ್ರ ಹೊಲಲ್ಲ, ಹಿತ್ತಲ.
ಎರಡು ಗುಂಟೆಗೆ ನಾಕು ಮೊಳ ಕಡಿಮಿ,
ಒಂದು ಹುಲಗಲ ಗಿಡ, ಒಂದು ಕೊಟ್ಟಿಗಿ,
ಕೊಟ್ಟಿಗ್ಯಾಗ ಚಂದ್ರಿ ಅನ್ನೋ ಎಮ್ಮಿ, ಅದರ ಕರ,
ಮತ್ತ ಯಾರ ಮಾತೂ ಕೇಳದ ಏಳು ಕೋಳಿ.

ಹೋಳಿ ಹುಣ್ಣಿವಿ ಆಗಿ ಮೂರು ದಿನ.
ಸುತ್ತತಿದ್ದ ಕಂಡಿಕಿ ಕೆಳಗಿಟ್ಟು,
ಸೀರಿಗೆ ಹತ್ತಿದ ನೂಲಿನ ತುಣುಕು ಝಾಡಿಸಿ
ಸಲಿಕಿ ಹಿಡದೆ.
ಹುಲಗಲ ಹಳೇ ಎಲಿ ಉದುರಿಸಿ
ಬೆಣ್ಣಿ ಸವರಿದಂಥ ಹೊಸ ಎಲಿ ಉಟ್ಟಿತ್ತು.
ಮ್ಯಾಲ ಸುಡೋ ಮಣ್ಣು,
ಗೇಣು ಕೆಳಗ ಇನ್ನೂ ಚಳಿಗಾಲ.

ಮಾವನ ತಂಬಾಕಿನ ಡಬ್ಬಿಯೊಳಗ
ಬೂದಿ ಬೆರಸಿ ಇಟ್ಟ ಬೀಜ ಅಂಗೈಗೆ ಸುರವಿದೆ.
ಹೀರಿ ಕರೀದು,
ಹಾಗಲಕ್ಕ ಯಾರೋ ಅಂಚು ಕಚ್ಚಿದ ಗುರುತು,
ಸವತಿ ಅಂದ್ರ ಅಕ್ಕೀಕಾಳಿನ ದೊಡ್ಡಪ್ಪನ ಮಗ.
ಚವಳಿಗೆ ಬರೋದ್ರಾಗ ಮಗಳು ದಾನೇಶ್ವರಿ ಓಡಿ ಬಂದ್ಲು:
"ಅವ್ವಾ, ಗುಲಾಬಿ ಗ್ವಾದಲ್ಯಾಗ ಕುಂತೈತಿ!"

ಗುಲಾಬಿ ಅಂದ್ರ ಬಿಳಿ ಕೋಳಿ.
ಹೋಳಿ ದಿನ ಓಣಿ ಹುಡುಗುರು
ಅದಕ್ಕ ಬಣ್ಣಾನೂ ಕೊಟ್ರು, ಹೆಸರೂ ಕೊಟ್ರು.
ಗ್ವಾದಲಿ ಮೂಲ್ಯಾಗ, ಕಣಕಿ ರವದಿ ನಡುವ
ಹದಿಮೂರು ತತ್ತಿ ಯಾವಾಗ ಇಟ್ಟಿತ್ತೋ,
ಮೈ ರೊಟ್ಟಿ ಬಡದಂಗ ಅಗಲ ಮಾಡಿ,
ಹತ್ತರ ಹೋದ್ರ ಕುರ್ರ್ ಅಂತು.

"ಎತ್ತಿ ಬುಟ್ಟ್ಯಾಗ ಹಾಕು" ಅಂದ್ರು ಇವರು.
ಎತ್ತಿದೆ. ಹಾಕಿದೆ. ಸಂಜಿಕ ನೋಡಿದ್ರ
ಬುಟ್ಟ್ಯಾಗ ತತ್ತಿ, ಗ್ವಾದಲ್ಯಾಗ ಕೋಳಿ.
ತತ್ತಿ ತಿರಗಿ ತಂದಿಟ್ಟೆ. ಸೋತೆ.

ಮೇವು ನೆಲಕ್ಕ ಹಾಕಿದ್ರ ಚಂದ್ರಿ ಮೂಸಲಿಲ್ಲ.
ಹುಟ್ಟಿದಾಗಿಂದ ಆ ಗ್ವಾದಲಿ ಅದರ ಹಕ್ಕು.
ಅಲ್ಲೇ ಹಾಕಿದೆ, ಎದಿ ಡವಡವ,
ಒಂದು ಸಲ ನಾಲಿಗಿ ಚಾಚಿದ್ರ ಹದಿಮೂರೂ ಹೋದಂಗ.
ಅದು ಮೂತಿ ತಂತು.
ಗುಲಾಬಿ ಕುಕ್ಕಿತು, ನೆಟ್ಟಗ ಮೂಗಿಗೇ.
ಎಮ್ಮಿ ಒಂದು ಉಸಿರು ಬಿಟ್ಟ ಹೊಡತಕ್ಕ
ಕೋಳಿ ಪುಕ್ಕ ಎಲ್ಲ ಎದ್ದು ಕುಂತವು.
ಆಮ್ಯಾಲ ಅದು ಸುತ್ತಲ ತಿಂತು,
ಹಸಿ ರಂಗೋಲಿ ತುಳೀದ ಬಳಸಿ ಹೋಗೋ
ಹೆಣ್ಣಮಗಳಂಗ.

ಕಾಲುಬಾಯಿ ಬ್ಯಾನಿಯ ಸೂಜಿ ಮಾಡಾಕ
ಪಶು ದವಾಖಾನಿಯ ರಸೂಲಸಾಬ ಬಂದ,
"ಏನಬೇ, ಒಂದ ಕ್ವಾಣ್ಯಾಗ ಎರಡು ಬಾಣಂತನ?" ಅಂತ ನಕ್ಕ,
ಕರಕ್ಕ ಜಂತಿನ ಔಷಧ ಕುಡಿಸಿ,
ತಾನು ಚಾ ಕುಡದು ಹೋದ.

ಯುಗಾದಿ ಹೊತ್ತಿಗೆ ಹೀರಿ ಎದ್ದು
ಬೀಜದ ಟೊಪ್ಪಿಗಿ ತೆಗೀದನ ನಿಂತಿತ್ತು.
ದಿನಾ ಎರಡು ತಾಸು, ತಂಬಗಿ ತಂಬಗಿ ನೀರು.
ದಾನೇಶ್ವರಿ ಕ್ಯಾಲೆಂಡರಿನ ಮ್ಯಾಲ ಗೆರಿ ಎಳೀತಿದ್ಲು,
ಇಪ್ಪತ್ತೊಂದಕ್ಕ ಹನ್ನೊಂದು ಮರಿ.

ನಾನು ಕಂಡಿಕಿ ಸುತ್ತತಿದ್ದೆ, ಕರೆಂಟು ಇತ್ತು.
ಕರೆಂಟು ಹೋಗಿ ಹಿತ್ತಲಕ್ಕ ಬಂದ್ರ
ಗುಲಾಬಿ ಮಡ್ಯಾಗ ಶಾಲಿ ನಡಸಿತ್ತು:
ಹಿಂಗ ಕೆದರೋದು, ಹಿಂಗ ಹಿಂದ ಸರಿಯೋದು, ಹಿಂಗ ನೋಡೋದು.
ಹೀರಿ ಬೇರು ಮ್ಯಾಲ. ಸವತಿ ಇಲ್ಲ. ಚವಳಿ ಇಲ್ಲ.
ಹಾಗಲ ಒಂದನ್ನ ಬಿಟ್ಟಿದ್ವು.

ಕೋಲು ಹುಡುಕಿದೆ.
ಕೋಲು ಸಿಗೋದ್ರಾಗ ಒಂದು ಮರಿ ಬಂದು
ನನ್ನ ಕಾಲುಂಗರ ಕುಕ್ಕಿತು, ಜ್ವಾಳದ ಕಾಳಂತ.
ಮತ್ತೂ ಕುಕ್ಕಿತು.
ಏನು ಹೊಡೀಲಿ ಅದನ್ನ.

ಡಬ್ಬಿ ತಳದಾಗ ಇನ್ನೂ ಬೂದಿ ಇತ್ತು,
ಬೂದ್ಯಾಗ ಒಂದಿಷ್ಟು ಬೀಜ.
ಮತ್ತ ಮಡಿ, ಮ್ಯಾಲ ಮಗ್ಗದ ಕಚ್ಚಾ ಬಟ್ಟಿ,
ಸುತ್ತಲ ಜಾಲಿ ಮುಳ್ಳು.
ಮರಿ ಆಗದ ಎರಡು ತತ್ತಿ
ಹೀರಿ ಬೀಜದ ಕೆಳಗ ಹುಗದೆ, ಮಗಳಿಗೆ ಹೇಳಲಿಲ್ಲ.
ಕೈ ತೊಳೆಯೋದ್ರಾಗ ಓಣಿ ತುಂಬ ಖಟಖಟ.

ಗುಲಾಬಿ ಎದ್ದು ಈಗ ಎಂಟು ದಿನ.
ಬಣ್ಣ ಹೋಗಿ ತಿರಗಿ ಬಿಳೇದಾಗೇತಿ.
ಗ್ವಾದಲಿ ತುಂಬ ಮೇವು ಹಾಕತೇನಿ,
ಚಂದ್ರಿ ಮೂಲಿ ಮಟ ಬಂದು
ಒಂದು ಬುಟ್ಟಿಯಗಲ ಜಾಗಾ ಬಿಟ್ಟು
ಇನ್ನೂ ಸುತ್ತಲೇ ತಿಂತೈತಿ.