ಹತ್ತೊಂಬತ್ತು ಸೆಕೆಂಡು

ಹನುಮಂತನಗರದಲ್ಲಿ ಟೈರಂಗಡಿ ಮೇಲೆ ನಮ್ಮ ತಾಲೀಮು.
ಕೆಳಗೆ ಪಂಕ್ಚರಿನ ಉಸಿರು, ಮೇಲೆ ನಮ್ಮದು.
ಗುರುವಾರ ರಾತ್ರಿ ಮೀಟಿಂಗು ಅಂದರು. ಹೋದೆ.
ನಾನು ಬಾಗಿಲಲ್ಲಿ ಟಿಕೆಟ್ ಹರಿಯುವವನು;
ಕಳೆದ ಸಲ ನೂರಿಪ್ಪತ್ತು ಕುರ್ಚಿಗೆ ಮೂವತ್ತೊಂದು ಹರಿದಿದ್ದೆ,
ಅದರಲ್ಲಿ ಒಂಬತ್ತು ನಮ್ಮ ನಮ್ಮ ಮನೆಯವರೇ.

ಶಾಕಿರಾ ಗೋಡೆಗೆ ಚಾರ್ಟು ಅಂಟಿಸಿದಳು:
ಸೋಮವಾರ ಬಣ್ಣ ಹಚ್ಚುವುದು, ಅರ್ಧ ಮುಖ ಸಾಕು.
ಬುಧವಾರ ಜವರಪ್ಪನವರ ಬೈಗುಳದ ಸೀನು.
ಶುಕ್ರವಾರ ಯಾರಾದರೂ ಮಾತು ಮರೆತು ನಕ್ಕದ್ದು,
ಮರೆಯದಿದ್ದರೆ ಮರೆತ ಹಾಗೆ ಮಾಡಿ.
"ಮೊದಲ ಮೂರು ಸೆಕೆಂಡು, ಸರ್.
ಅಷ್ಟರೊಳಗೆ ಹಿಡಿಯದಿದ್ದರೆ ಹೆಬ್ಬೆರಳು ಹೋಯ್ತು."
ಜವರಪ್ಪ ತಮ್ಮ ಹೆಬ್ಬೆರಳು ತಿರುಗಿಸಿ ನೋಡಿಕೊಂಡರು.
"ಹೆಬ್ಬೆರಳು ಕೇಳೋದು ನಮ್ಮ ಕಡೆ ಹಳೇ ಪಾಪ ಕಣಮ್ಮ."
ಯಾರೂ ನಗಲಿಲ್ಲ. ಬೋಂಡ ಬಂತು, ಆಮೇಲೆ ನಕ್ಕರು.

ಎರಡು ಗಂಟೆ ಹತ್ತು ನಿಮಿಷದ ನಾಟಕವನ್ನು
ಹೀರೇಕಾಯಿ ಹೆಚ್ಚಿದ ಹಾಗೆ ಹೆಚ್ಚುತ್ತಾ ಹೋದರು:
ಇದು ಇರಲಿ, ಇದು ಬೇಡ, ಇದಕ್ಕೆ ಕೆಳಗೆ ಅಕ್ಷರ ಹಾಕಬೇಕು,
ಸದ್ದಿಲ್ಲದೆ ನೋಡುವವರೇ ಜಾಸ್ತಿ, ಬಸ್ಸಲ್ಲಿ, ಬಾಸ್ ಪಕ್ಕದಲ್ಲಿ.
ನಾಲ್ಕನೇ ದೃಶ್ಯಕ್ಕೆ ಬಂದಾಗ ಕತ್ತರಿ ನಿಂತಿತು.

ಅಲ್ಲಿ ಪುಟ್ಟತಾಯಮ್ಮ ಸಾರಿಗೆ ಉಪ್ಪು ಹಾಕುತ್ತಾರೆ,
ಮಾತಾಡುತ್ತಾ ಮಾತಾಡುತ್ತಾ ಮತ್ತೆ ಚಿಟಿಕೆ ಎತ್ತುತ್ತಾರೆ,
ಪಾತ್ರೆಯ ಮೇಲೆ ಕೈ ನಿಲ್ಲುತ್ತದೆ.
ಹಾಕಿದ್ದೆನೋ? ಇಲ್ಲವೋ?
ಮಾತಿಲ್ಲ. ಸಂಗೀತವಿಲ್ಲ. ಹತ್ತೊಂಬತ್ತು ಸೆಕೆಂಡು.
ಬಾಗಿಲ ಬಳಿ ನಿಂತು ಹನ್ನೆರಡು ಪ್ರಯೋಗವೂ ಎಣಿಸಿದ್ದೇನೆ,
ಹದಿನೆಂಟು ಆದದ್ದಿಲ್ಲ, ಇಪ್ಪತ್ತು ಆದದ್ದಿಲ್ಲ.

"ನಾಲ್ಕಕ್ಕೆ ಇಳಿಸೋಣ," ಅಂದಳು ಶಾಕಿರಾ, ಮೆಲ್ಲಗೆ.
ಪುಟ್ಟತಾಯಮ್ಮ ಚಾರ್ಟನ್ನೇ ನೋಡುತ್ತಿದ್ದರು.
ಪೋಸ್ಟಾಫೀಸಿನಲ್ಲಿ ಮೂವತ್ತು ವರ್ಷ ಮೊಹರು ಒತ್ತಿದ ಕೈ.
"ನಾಲ್ಕರಲ್ಲಿ ನಂಗೆ ಮರೆಯೋಕೆ ಆಗಲ್ಲ ಮಗಾ."

ಹತ್ತೂವರೆವರೆಗೆ ಜಗಳ. ಆಮೇಲೆ ಯಾರೋ ಸುಸ್ತಾಗಿ,
ಕತ್ತರಿಸದೆಯೇ ಏರಿಸಿಬಿಡಿ, ಏನಾಗುತ್ತೋ ಆಗಲಿ, ಅಂದರು.

ಹೆಚ್ಚೇನೂ ಆಗಲಿಲ್ಲ.
ಬೈಗುಳವನ್ನು ನಲವತ್ತು ಸಾವಿರ ಜನ ನೋಡಿದರು,
ಉಪ್ಪನ್ನು ಆರುನೂರು ಚಿಲ್ಲರೆ.
ಶುಕ್ರವಾರದ ನಗು ಮೆಟ್ಟಿಲ ಬಳಿ ತೆಗೆದದ್ದು;
ಹಿಂದಿದ್ದ ಬೋರ್ಡಿನ ನಂಬರಿಗೆ
ಟೈರು ಕೇಳಿಕೊಂಡು ಮೂರು ಫೋನು ಬಂದವಂತೆ.

ಆ ಟೈರಂಗಡಿಯ ಸೆಲ್ವರಾಜು ಶನಿವಾರ ಹಾಲಿನ ಬಾಗಿಲಿಗೆ ಬಂದ,
ಇಸ್ತ್ರಿ ಅಂಗಿ, ತೊಳೆದರೂ ಹೋಗದ ಉಗುರ ಕಪ್ಪು,
ಪಕ್ಕದಲ್ಲಿ ಹೆಂಡತಿ, ಮಲ್ಲಿಗೆ ಮುಡಿದು.
"ಏಳು ವರ್ಷದಿಂದ ನಿಮ್ಮ ಕಾಲ್ಸಪ್ಪಳ ಕೇಳ್ತಿದೀನಿ ಸ್ವಾಮಿ.
ವಿಡಿಯೋ ಅಲ್ಲಿಗೇ ನಿಂತೋಯ್ತು.
ಆಯಮ್ಮ ಕೊನೆಗೆ ಉಪ್ಪು ಹಾಕಿದ್ರಾ, ಇಲ್ವಾ?"

ಬಾಯಿ ತೆಗೆದೆ.
ಹನ್ನೆರಡು ಸಲವೂ ನಾನು ನೋಡಿದ್ದು
ನನ್ನ ವಾಚಿನ ಮುಳ್ಳು, ಅವರ ಕೈಯನ್ನಲ್ಲ.

ಎರಡು ಟಿಕೆಟ್ ಹರಿದೆ. ಐನೂರಕ್ಕೆ ಚಿಲ್ಲರೆ ಇರಲಿಲ್ಲ.
ಆಮೇಲೆ ಕೊಡ್ತೀನಿ ಅಂದೆ, ಒಳಗೆ ನಡೀರಿ, ಶುರುವಾಗ್ತಿದೆ.