ಮಡಚಲಾಗದ ಅಂಚು

ಯಾರದೋ ಹೊಸ ಅಡುಗೆಮನೆಯಲ್ಲಿ
ಸಿಂಕು ಕೂರಲೆಂದು ಕೊರೆದು ತೆಗೆದ ತುಂಡು ಇದು.
ಅಲ್ಲೀಗ ಇದರ ಅಳತೆಯ ಖಾಲಿಯಲ್ಲಿ
ಪಾತ್ರೆ ತೊಳೆಯುತ್ತಾರೆ.
ಇಲ್ಲಿ, ವಿರಾಜಪೇಟೆಯ ನನ್ನ ಹಿತ್ತಿಲ ಜಗಲಿಯಲ್ಲಿ
ಎರಡು ಗೋಣಿಚೀಲದ ಮೇಲೆ ಮಲಗಿದೆ
ಚಾಮರಾಜನಗರದ ಕಪ್ಪು.
ಮುಖ ಕನ್ನಡಿ. ಅಂಚು ಗರಗಸ.

ಮೊಯ್ದು ಆಟೋದಿಂದ ಇಳಿಸುತ್ತಾ ಹೇಳಿದ:
"ಜೆಸಿಂತಕ್ಕ, ಮೆಷಿನ್ ಹಿಡಿದರೆ ಹತ್ತೇ ನಿಮಿಷ."
ಮೂವತ್ತು ವರ್ಷ ಅಂಚು ಹೊಲಿದವಳು ನಾನು,
ಇದಕ್ಕೆ ಇನ್ನೊಬ್ಬರ ಕೈಯಾ?
ನಕ್ಕು, ಉಜ್ಜುಕಾಗದದ ಕಟ್ಟು ಕೊಟ್ಟ.
"ನೀರು ಬಿಡ್ತಾ ಉಜ್ಜಿ. ಒಣಗಿದ್ದು ಮುಟ್ಟಬೇಡಿ.
ನಮ್ಮಣ್ಣ ಸತ್ತಾಗ ಅವನ ಎದೆಯೊಳಗೆ
ಒಂದು ಕ್ವಾರಿಯೇ ಇತ್ತು."

ಆಟೋ ಹೋದ ಮೇಲೂ ಆ ಮಾತು
ಜಗಲಿಯಲ್ಲೇ ಕೂತಿತ್ತು.
ಉಜಾಲದ ಖಾಲಿ ಬಾಟಲಿಯ ಮುಚ್ಚಳಕ್ಕೆ
ಸೂಜಿ ಕಾಯಿಸಿ ಮೂರು ತೂತು ಹಾಕಿದೆ.

ಬಟ್ಟೆಯಾದರೆ ಸುಲಭ.
ಎಳೆ ಬಿಡುವ ಅಂಚನ್ನು ಒಳಗೆ ಮಡಚಿ
ಇನ್ನೊಮ್ಮೆ ಮಡಚಿ ಮೇಲೊಂದು ಹೊಲಿಗೆ ಓಡಿಸಿದರೆ
ಕತ್ತರಿ ನಡುಗಿದ್ದು ಯಾರಿಗೂ ಕಾಣದು.
ಕಲ್ಲಿಗೆ ಒಳಮಗ್ಗುಲು ಇಲ್ಲ.
ಕೊರೆದವನ ಅವಸರ
ಕೊರೆದಲ್ಲೇ ಇರುತ್ತದೆ.

ಅರವತ್ತನೇ ನಂಬರು ಮರದ ತುಂಡಿಗೆ ಸುತ್ತಿ
ಮೊದಲ ಉಜ್ಜು.
ಪಕ್ಕದ ಮನೆಯ ನಾಯಿ ಎದ್ದು ಬೊಗಳಿತು.
ಬೂದುಬಣ್ಣದ ಹಾಲು ಇಳಿಯಿತು.
ಇಷ್ಟು ಕಪ್ಪಿನೊಳಗೆ ಇಷ್ಟು ಬಿಳುಪು ಎಲ್ಲಿತ್ತೋ!

ನೂರಿಪ್ಪತ್ತು. ಇನ್ನೂರಿಪ್ಪತ್ತು.
ರಾತ್ರಿ, ಕೊನೆಯ ರವಿಕೆಗೆ ಹುಕ್ಕು ಕೂರಿಸಿ
ಪೆಡಲು ತುಳಿದ ಕಾಲು ಜೋಮು ಹಿಡಿದಿರುವಾಗ
ಕೈಗಳಿಗೆ ಇದು.
ಇಣುಕಿದ ಮೊಯ್ದು ನನ್ನ ಹಣೆ ನೋಡಿ
"ಏನಕ್ಕ, ಇವತ್ತೇ ಬೂದಿ ಬುಧವಾರವಾ?"
ಬೂದಿ ಹಚ್ಚುವಾಗ ಪಾದ್ರಿಗಳು ಮಣ್ಣನ್ನು ನೆನಪಿಸುತ್ತಾರೆ,
ಕಲ್ಲಿನ ಬಗ್ಗೆ
ಏನೂ ಹೇಳುವುದಿಲ್ಲ.

ನಾನೂರು ಮುಗಿಯಿತು. ಎಂಟುನೂರರ ಹಾಳೆ ಹರಿದಿತ್ತು,
ತಾಳ್ಮೆಯೂ.
ನೇರ ಹದಿನೈದುನೂರಕ್ಕೆ ಹಾರಿದೆ.
ಎರಡು ರಾತ್ರಿಗೆ ಹೊಳೆಯಿತು.
ಟ್ಯೂಬ್‌ಲೈಟಿನಡಿ ತಲೆ ಓರೆ ಮಾಡಿ ನೋಡಿದರೆ
ಹೊಳಪಿನೊಳಗೆ ಬೆಕ್ಕು ಪರಚಿದಂಥ ಗೀರುಗಳು,
ಮೊದಲಿಗಿಂತ ಸ್ಪಷ್ಟ.
ಬಾಟಲಿ ಎಸೆದು ಹೋಗಿ ಮಲಗಿದೆ.

ಮರುದಿನ ಗಡಿಯಾರ ಕಂಬದ ಹತ್ತಿರದ ಅಂಗಡಿಯಲ್ಲಿ
ಎಂಟುನೂರು ಕೇಳಿದರೆ
"ಕಾರಿನ ಪೈಂಟಿಗಾ ಆಂಟಿ?" ಎಂದ ಹುಡುಗ.
ಹೂಂ ಎಂದೆ. ಯಾರು ವಿವರಿಸುವುದು.

ತಿಂಗಳ ಅಕ್ಕಿಯ ಸಾಲಿನಲ್ಲಿ
ಯಂತ್ರ ನನ್ನ ಹೆಬ್ಬೆರಳನ್ನು ಒಪ್ಪಲಿಲ್ಲ.
ಒರೆಸಿ ಇಟ್ಟೆ. ಎಣ್ಣೆ ಸವರಿ ಇಟ್ಟೆ.
"ಗೆರೆಗಳೇ ಇಲ್ಲವಲ್ಲಮ್ಮ ನಿಮಗೆ."
ಇವೆಯಪ್ಪ, ಮನೆಯಲ್ಲಿವೆ.
ಸವೆಸುತ್ತಿರುವುದು ನಾನೊಬ್ಬಳೇ ಎಂದುಕೊಂಡಿದ್ದೆ.
ಕೊನೆಗೆ ಎಡಗೈ ಕಿರುಬೆರಳಿಗೆ
ಅಕ್ಕಿ ಸಿಕ್ಕಿತು.

ಮೂರು ಸಾವಿರದ್ದು ಕಾಗದವೇ ಅಲ್ಲ,
ಒಗೆದು ಒಗೆದು ಸವೆದ ವಾಯಿಲ್ ಸೀರೆ.
ಶಬ್ದವಿಲ್ಲ. ನಾಯಿಯೂ ಏಳುವುದಿಲ್ಲ.

ಪರೀಕ್ಷೆಗೆ ಚಿಂದಿ ಡಬ್ಬದ ತುಂಡು ರೇಷ್ಮೆ.
ಮೊದಲ ವಾರ ಇದೇ ರೇಷ್ಮೆ
ಗೇಣಿಗೊಂದು ಎಳೆ ಕಳೆದುಕೊಂಡಿತ್ತು.
ಈಗ ಅಂಚಿನ ಮೇಲೆ ಬಿಟ್ಟೆ.
ಹಿಡಿಯಲಿಲ್ಲ. ನಿಲ್ಲಲೂ ಇಲ್ಲ.
ಜಾರಿ
ನೆಲಕ್ಕೆ ಬಿತ್ತು.

ಶನಿವಾರ ಮೊಯ್ದು ರಸ್ತೆಕಡೆಯ ಕಿಟಕಿಗೆ ಅದನ್ನು ಕೂರಿಸಿದ.
ಗಿರಾಕಿಗಳು ಇನ್ನು ಒದ್ದೆ ಚಪ್ಪಲಿ ಬಿಟ್ಟು ಒಳಬರಬೇಕಿಲ್ಲ.
ಮೊದಲು ಬಂದದ್ದು ಚೋಂದಮ್ಮ ಟೀಚರ್,
ಕೊಡವ ಸೀರೆಗೆ ಒಪ್ಪುವ ಉದ್ದತೋಳಿನ ರವಿಕೆ ಹಿಡಿದು:
ಕಂಕುಳಲ್ಲಿ ಬಿಗಿ, ಮಣಿಕಟ್ಟಿನಲ್ಲಿ ಸಡಿಲ,
ತಂಗಿಯ ಮಗಳ ಮದುವೆಗೆ ನಾಲ್ಕೇ ದಿನ.
ಕಲ್ಲನ್ನು ಅವರು ನೋಡಲೇ ಇಲ್ಲ.
ಬೈಯುತ್ತಿದ್ದಂತೆ ಅವರ ಬೆರಳು ಮಾತ್ರ
ಅಂಚಿನ ಮೇಲೆ ಹೋಯಿತು, ಬಂತು,
ಹೋಯಿತು.
ಟೇಪು ಹಿಡಿದು ನಿಂತ ನಾನು
ಅಳತೆ ಬರೆದುಕೊಳ್ಳುವುದನ್ನು ಮರೆತೆ.