ಸೀಟಿನಡಿಯ ಹಳದಿ

ಸೇತುವೆ ಇಳಿದು ಕೋಡಿಬಾಗಕ್ಕೆ ಬಂದರೆ ಎಡಕ್ಕೆ ನನ್ನ ಶೆಡ್ಡು.
ಏಳಕ್ಕೇ ಬಂದು ನಿಂತಿತ್ತು ಶೆವಂತಿ ತಾಂಡೇಲಳ ಕಾರು,
ಹಿಂದಿನ ಸೀಟು ಕಿತ್ತು ಬುಟ್ಟಿಗೆ ಜಾಗ ಮಾಡಿದ್ದು.
ಬಾಗಿಲು ತೆಗೆದರೆ ಮೊದಲು ಬಂಗಡೆಯ ವಾಸನೆ ಇಳಿಯುತ್ತದೆ,
ಆಮೇಲೆ ಅವಳು.

"ಈ ಕೆಂಪು ದೀಪ ನೋಡು, ಆರುವುದೇ ಇಲ್ಲ.
ಆಚೆ ದಡದವನು ಬಲ್ಬೇ ಕಿತ್ತುಬಿಡಲಾ ಅಂದ,
ನೂರೈವತ್ತು ರೂಪಾಯಿಗೆ."

ದೀಪದೊಳಗೊಬ್ಬ ಪುಟ್ಟ ಮನುಷ್ಯ,
ಎದೆಗೆ ಚೆಂಡೊಂದನ್ನು ಒತ್ತಿಕೊಂಡು ಕೂತವನು.
ಬಲ್ಬು ಕಿತ್ತರೆ ಅವನು ಎದ್ದು ಹೋಗುವುದಿಲ್ಲ ಶೆವಂತಕ್ಕ,
ಕತ್ತಲಲ್ಲಿ ಕೂತಿರುತ್ತಾನೆ, ಅಷ್ಟೇ.

ಇನಾಸ ಆಗಲೇ ಮೊಣಕಾಲೂರಿ
ಸೀಟಿನಡಿ ಕೈ ಹಾಕಿದ್ದ. ಮಣಿಕಟ್ಟು ಹಿಡಿದೆಳೆದೆ.
ಹಳದಿ ಕಂಡಿತೋ, ಕೈ ಹಿಂದಕ್ಕೆ.
ಮೊದಲು ಚಾವಿ ತೆಗೆ. ಬಾನೆಟ್ ಎತ್ತು. ಕರಿ ತಂತಿ ಬಿಚ್ಚಿ
ಬ್ಯಾಟರಿಗೆ ತಾಗದ ಹಾಗೆ ಬಟ್ಟೆ ಸುತ್ತು.
ಈಗ ಕೂರು.

"ಕೂರುವುದಾ?" ಅಂದಳು ಶೆವಂತಿ,
"ಮಲ್ಲಾಪುರದ ಗಿರಾಕಿಗಳು ಒಂಬತ್ತಕ್ಕೆ ಬಾಗಿಲಲ್ಲಿ ನಿಂತಿರುತ್ತಾರೆ,
ಬರ್ಫು ನಿನ್ನ ಗಡಿಯಾರ ಕೇಳುತ್ತದಾ?"

ಹತ್ತು ನಿಮಿಷ. ಬ್ಯಾಟರಿ ಹೋದದ್ದು
ಒಳಗಿನ ಡಬ್ಬಿಗೆ ಇನ್ನೂ ತಿಳಿದಿಲ್ಲ.
ಉಸಿರು ಬಿಗಿಹಿಡಿದು ಕೂತಿರುತ್ತದೆ, ಒಂದೇ ಒಂದು ಏಟಿಗಾಗಿ.
ದೋಣಿಗೆ ಬಿದ್ದ ತೊರಕೆ ಸುಮ್ಮನಾಯಿತೆಂದು
ಬಾಲಕ್ಕೆ ಕೈ ಹಾಕುತ್ತೀಯಾ ನೀನು?

ಅವಳು ಮಾತಾಡಲಿಲ್ಲ.
ಗಂಡನ ಕಣಕಾಲು ನೆನಪಾಗಿರಬೇಕು.
ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಳು.

ನನ್ನ ಎಡಗಿವಿಯ ಕತೆ ಇನಾಸನಿಗೆ ಬಾಯಿಪಾಠ,
ಆದರೂ ಹೇಳಿದೆ. ಅಂಕೋಲೆಯಲ್ಲಿ,
ನಾನೂ ಇವನ ವಯಸ್ಸಿನವನಿದ್ದಾಗ,
ತಂತಿಯಲ್ಲಿ ಜೀವವಿದೆಯೇ ನೋಡೋಣವೆಂದು
ಮೀಟರಿನ ಎರಡು ಮುಳ್ಳು ಚುಚ್ಚಿದೆ.
ಮೀಟರಿಗೂ ಒಂದು ಚಿಟಿಕೆ ಕರೆಂಟಿರುತ್ತದೆ
ಅಂತ ಯಾರೂ ಹೇಳಿರಲಿಲ್ಲ.
ಬಲೆಗೆ ಬಿದ್ದ ಕೂಡಲೇ ಹೊಟ್ಟೆಯುಬ್ಬಿಸುತ್ತದಲ್ಲ ಆ ಮುಳ್ಳುಮೀನು,
ಅದರ ಸಾವಿರ ಪಾಲು ಬೇಗ.
ಆಮೇಲೆ ಬಿಳಿ ಹಿಟ್ಟು, ಸುಟ್ಟ ವಾಸನೆ,
ಮೇಸ್ತ್ರಿಯ ಬಾಯಿ ಆಡುತ್ತಿತ್ತು, ಮಾತು ಬರುತ್ತಿರಲಿಲ್ಲ.
ಅಂದಿನಿಂದ ಎಲ್ಲರೂ ನನ್ನ ಬಲಕ್ಕೇ ಕೂರುತ್ತಾರೆ.

ಒಂಬತ್ತು. ಹತ್ತು. ಇನ್ನೊಂದೆರಡು ಇರಲಿ.

ಬಾಗಿಲ ಕಬ್ಬಿಣ ಮುಟ್ಟಿದ ಇನಾಸ, ಮೈಯ ಮಿಂಚು ಇಳಿಯಲೆಂದು.
ತಂತಿ ಹಿಡಿದು ಜಗ್ಗಬೇಡ, ಕೊಂಡಿ ಎತ್ತು,
ಬಾಯಿ ತಾನೇ ಬಿಡುತ್ತದೆ.
ಬಿಟ್ಟಿತು. ಬೇರೆಯಾದ ಕ್ಷಣವೇ
ಒಳಗಿನ ಎಳೆ ತಗಡೊಂದು ಮಡಚಿಕೊಂಡು
ಎರಡೂ ತಂತಿಗಳ ಕೈ ಕೂಡಿಸಿತು,
ಹಾದಿಹೋಕ ಕಿಡಿ ನಡುವೆ ನುಗ್ಗದಂತೆ.
ಇದನ್ನು ಮಾಡಿದವನು ಯಾವ ಊರವನೋ,
ಅವನ ಮನೆಯಲ್ಲಿ ಮಕ್ಕಳಿದ್ದಿರಬೇಕು.

ಪಿನ್ನುಗಳ ಮೇಲೆ ಹಸಿರು ಕಿಲುಬು.
ಮೂಗಿಗೆ ಹಿಡಿದೆ. ಕಡಲಲ್ಲ,
ಬರ್ಫು ಕರಗಿ ಬುಟ್ಟಿಯಿಂದ ಸೋರಿದ ಮೀನುನೀರು,
ಎರಡು ಮಳೆಗಾಲದಿಂದ ತೊಟ್ಟು ತೊಟ್ಟಾಗಿ.
ಉಜ್ಜಿದರೆ ಹೋಗುವುದಲ್ಲ ಇದು,
ಹೊಸದೇ ಹಾಕಬೇಕು. ಸುತ್ತಿ ಟೇಪು ಅಂಟಿಸಿದರೆ
ನಾನೂ ಬಲ್ಬು ಕೀಳುವವನೇ.

ನಾಳೆ ಹುಬ್ಬಳ್ಳಿಯಿಂದ ಬರುತ್ತದೆ ಅಂದೆ.
ಬೈದಳು. ಕೊಂಕಣಿಯಲ್ಲಿ, ನನ್ನ ಎಡಗಿವಿಗೆ.
ಬುಟ್ಟಿ ರಿಕ್ಷಾಕ್ಕೇರಿಸಿ ಹೋದಳು.

ಮರುದಿನ ಸಂಜೆ, ಕರಿ ತಂತಿ ಕೊನೆಗೆ.
ಒಳಗೆ ಯಾರೂ ಬೇಡ, ಹೊರಗಿನಿಂದಲೇ ಕೈ ಚಾಚಿ ಚಾವಿ ತಿರುವಿದೆ.
ಕೆಂಪು ಮನುಷ್ಯ ಎದ್ದ, ಎಣಿಸಿದೆವು ಮೂವರೂ,
ಆರಕ್ಕೆ ಆರಿದ.

"ಅಂದರೆ ಕೆಲಸ ಮಾಡುತ್ತದಾ ಈಗ?"
ಗೊತ್ತಾಗದೇ ಇರಲಿ ಶೆವಂತಕ್ಕ.
ಬುಟ್ಟಿಯಡಿಗೆ ಒಂದು ತಟ್ಟೆ ಇಡು.

ಆರು ಬಂಗಡೆ ಕೊಟ್ಟಳು, ಬಿಲ್ಲಿನಲ್ಲಿ ಇನ್ನೂರು ಮುರಿದಳು.

ರಾತ್ರಿ ಇನಾಸನ ತಾಯಿಯ ಫೋನು:
ಟೇಬಲ್ ಫ್ಯಾನು ಬಿಚ್ಚುತ್ತೇನೆಂದವನು
ಪ್ಲಗ್ಗು ಕಿತ್ತು ಅದರೆದುರು ಕೂತಿದ್ದಾನೆ, ಹತ್ತು ನಿಮಿಷವಾಯಿತು,
ಮಾತಾಡಿಸಿದರೆ ಕೈ ಅಡ್ಡ ಮಾಡುತ್ತಾನೆ.
ಏನಾಗಿದೆ ನನ್ನ ಮಗನಿಗೆ?
ಫೋನನ್ನು ಬಲಗಿವಿಗೆ ಬದಲಿಸಿಕೊಂಡೆ.